ಫೇರೋನ ಎದೆಯ ಮೇಲಿನ ಗಾಜು

ಒಲೆಯ ಹತ್ತಿರ ಸರಿದು ಕೂತುಕೊಳ್ಳಿ ಮಕ್ಕಳೇ, ಕೈರೋದ ಆ ಸಂಜೆಯ ಕಥೆ ಹೇಳುತ್ತೇನೆ.

ಆಗ ನಾನು ಅಲ್ಲಿ ಕೆಲಸದಲ್ಲಿದ್ದೆ. ತಹ್ರೀರ್ ಚೌಕದ ವಸ್ತುಸಂಗ್ರಹಾಲಯದಲ್ಲಿ ಟುಟಂಖಾಮನ್ ದೊರೆಯ ಎದೆಪದಕ ನೋಡಿ ಬಂದಿದ್ದೆ. ಚಿನ್ನದ ನಡುವೆ ತಿಳಿಹಳದಿಯ ಒಂದು ಜೀರುಂಡೆ, ಕಣ್ಣು ಕೀಳಲಾಗಲಿಲ್ಲ. ನಮ್ಮ ಬೀದಿಯಲ್ಲಿ ಕಲ್ಲು ಕೂಡಿಡುವ ಹಿರಿಯರೊಬ್ಬರಿದ್ದರು. ಅವರಿಗೆ ಹೇಳಿದೆ. ಒಳಗಿಂದ ಹತ್ತಿಯ ಪೊಟ್ಟಣವೊಂದನ್ನು ತಂದು ಬಿಚ್ಚಿ, ನನ್ನ ಅಂಗೈಯಲ್ಲಿಟ್ಟರು. "ಆ ಜೀರುಂಡೆಯೂ ಇದೇ ಗಾಜು" ಎಂದರು. ಅರ್ಧ ಚೀಪಿದ ಕಲ್ಲುಸಕ್ಕರೆಯಂತೆ ನುಣುಪಾಗಿತ್ತು. ಮರಳುಗಾಳಿ ಉಜ್ಜಿ ಉಜ್ಜಿ ಬಂದ ಹೊಳಪು ಅದು.

ಲಿಬಿಯಾದ ಗಡಿಗೆ ತಾಗಿದ ಈಜಿಪ್ಟಿನ ಮಹಾ ಮರಳುಸಾಗರ ಅದರ ತವರು. ಸುಮಾರು 2.9 ಕೋಟಿ ವರ್ಷಗಳ ಹಿಂದೆ ಬಾಹ್ಯಾಕಾಶದಿಂದ ಬಂದ ಬಂಡೆಯ ಬಿಸಿಗೆ ನೆಲವೇ ಕರಗಿ ಹರಿಯಿತು. ನೂರಕ್ಕೆ 98 ಪಾಲು ಸಿಲಿಕಾ ಇರುವ ಗಾಜಾಗಿ ಗಟ್ಟಿಯಾಯಿತು. ಶಿಲಾಯುಗದವರು ಅದನ್ನು ಚಕ್ಕೆ ಎಬ್ಬಿಸಿ ಆಯುಧ ಮಾಡಿದರು. ಫೇರೋನ ಅಕ್ಕಸಾಲಿಗ ಕೆತ್ತಿ ಆಭರಣಕ್ಕೆ ಕೂರಿಸಿದ. 1932ರಲ್ಲಿ ಸರ್ವೇ ಅಧಿಕಾರಿ ಪ್ಯಾಟ್ರಿಕ್ ಕ್ಲೇಟನ್ ಮರಳಿನ ಮೇಲೆ ಅದನ್ನು ಕಂಡು ವಿಜ್ಞಾನಿಗಳ ಗಮನಕ್ಕೆ ತಂದ. ಪದಕದ ಜೀರುಂಡೆಯೂ ಇದೇ ಗಾಜು ಎಂದು ಗೊತ್ತಾದದ್ದು 1990ರ ದಶಕದಲ್ಲಿ; ಅಲ್ಲಿಯವರೆಗೆ ಅದನ್ನು ಬೇರೊಂದು ಹರಳು ಅಂದುಕೊಂಡಿದ್ದರು.

ಹಿರಿಯರು ತುಣುಕನ್ನು ದೀಪಕ್ಕೆ ಹಿಡಿದರು. ಒಳಗೆ ಬಿಳಿ ಗುಂಡು ಕಾಳುಗಳು, ಕಂದು ಎಳೆಗಳು. "ಬಾಟಲಿ ಕರಗಿಸಿ ಮಾರುವವರಿದ್ದಾರೆ. ಈ ಬಿಳಿ ಕಾಳು ನೋಡು, ಕ್ರಿಸ್ಟೋಬಲೈಟ್. ಕೈಯಲ್ಲಿ ತೂಗಿಯೂ ನೋಡು, ಬಾಟಲಿ ಗಾಜಿಗಿಂತ ಹಗುರ" ಎಂದು ಕಲಿಸಿದರು. ಆಮೇಲೆ ಪೊಟ್ಟಣದ ಜೊತೆಗಿದ್ದ ಚೀಟಿ ತೋರಿಸಿದರು. ಯಾವ ಜಾಗ, ಯಾವ ವರ್ಷ, ಯಾರ ಕೈಯಿಂದ ಬಂತು, ಎಲ್ಲ ಬರೆದಿತ್ತು. "ಚೀಟಿ ಕಳೆದರೆ ಅರ್ಧ ಕಲ್ಲು ಕಳೆದ ಹಾಗೆ."

ಆ ಮಾತಿನ ತೂಕ ನನಗೆ ವರ್ಷ ಕಳೆದಷ್ಟೂ ಹೆಚ್ಚಿತು. ಬಂಡೆ ಆಕಾಶದಲ್ಲೇ ಸಿಡಿಯಿತೋ ನೆಲಕ್ಕೇ ಬಡಿಯಿತೋ ಎಂದು ಬಹುಕಾಲ ವಾದ ನಡೆದಿತ್ತು. 2019ರಲ್ಲಿ ಗಾಜಿನೊಳಗಿನ ಜಿರ್ಕಾನ್ ಕಣಗಳನ್ನು ಪರೀಕ್ಷಿಸಿದವರಿಗೆ, ನೆಲಕ್ಕೆ ಬಡಿದಾಗ ಮಾತ್ರ ಹುಟ್ಟುವಂಥ ಒತ್ತಡದ ಗುರುತು ಸಿಕ್ಕಿತು. ಆದರೆ ಬಿದ್ದ ಕುಳಿ ಇದೇ ಎಂದು ಇನ್ನೂ ಖಚಿತವಾಗಿಲ್ಲ. ಅಂದಮೇಲೆ ಯಾವ ತುಣುಕು ಎಲ್ಲಿ ಬಿದ್ದಿತ್ತು ಎಂಬುದೂ ಒಂದು ಸಾಕ್ಷಿಯೇ. ಹೇಳದೆ ಕೇಳದೆ ಹೆಕ್ಕಿ ಮಾರಿದರೆ ಆ ಸಾಕ್ಷಿ ಅಳಿಸಿಹೋಗುತ್ತದೆ.

ನಿಮಗೂ ಏನಾದರೂ ಕೂಡಿಡುವ ಆಸೆ ಹುಟ್ಟಬಹುದು. ಹುಟ್ಟಲಿ, ಒಳ್ಳೆಯದೇ. ಪೆಟ್ಟಿಗೆ ಆಮೇಲೆ ಮಾಡಿಸಿ. ಮೊದಲು ಚೀಟಿ ಬರೆಯುವುದನ್ನು ಕಲಿಯಿರಿ.