ಕ್ಲೂನಿಯ ಹಸಿರು ಹಾದಿಯಲ್ಲಿ

ಫ್ರಾನ್ಸ್ ದೇಶದ ಬರ್ಗಂಡಿ ಪ್ರಾಂತ್ಯವೆಂದರೆ ಲೋಕಕ್ಕೆಲ್ಲ ನೆನಪಾಗುವುದು ದ್ರಾಕ್ಷಿಯ ತೋಟಗಳು. ಆದರೆ ಆ ಪ್ರಾಂತ್ಯದ ದಕ್ಷಿಣ ಭಾಗದಲ್ಲಿ, ಸೋನ್ ಎಂಬ ಮಹಾನದಿಯ ಪಶ್ಚಿಮಕ್ಕೆ, ಗ್ರೋನ್ ಎಂಬ ಚಿಕ್ಕ ಹೊಳೆಯೊಂದು ಹರಿಯುತ್ತದೆ. ಅದರ ಕಣಿವೆಯಲ್ಲಿ ಬಿಳಿಯ ದನಗಳು ಮೇಯುವ ಹುಲ್ಲುಗಾವಲು, ಪೊದೆಬೇಲಿಯ ಹೊಲ, ಜೇನುಬಣ್ಣದ ಕಲ್ಲಿನ ಹಳ್ಳಿಗಳು, ಹಳ್ಳಿಗೊಂದು ಪುರಾತನ ಚರ್ಚು. ಈ ಕಣಿವೆಯನ್ನು ಕಾಲ್ನಡಿಗೆಯಿಂದ ನೋಡುವವರೂ ಉಂಟು, ಸೈಕಲ್ಲಿನ ಮೇಲೆ ನೋಡುವವರೂ ಉಂಟು. ಓಡುತ್ತ ನೋಡುವವರ ಸಂಖ್ಯೆಯೂ ಈಗ ಕಡಿಮೆಯೇನಲ್ಲ. ಅವರಿಗೆಲ್ಲ ದಾರಿಯಾಗಿರುವುದು ಒಂದು ಸತ್ತುಹೋದ ರೈಲುಮಾರ್ಗ.

ಶಾಲೋಂ ನಗರದಿಂದ ಕ್ಲೂನಿಯ ಮೂಲಕ ಮಾಕೋಂ ನಗರಕ್ಕೆ ಹೋಗುತ್ತಿದ್ದ ರೈಲು ನಿಂತುಹೋದ ಮೇಲೆ ಹಳಿಗಳನ್ನು ಕಿತ್ತು, ಆ ನೆಲಕ್ಕೆ ಡಾಂಬರು ಹಾಕಿ, ಜೀವ್ರಿ ಎಂಬ ಊರಿನಿಂದ ಕ್ಲೂನಿಯವರೆಗೆ 44 ಕಿಲೋಮೀಟರು ಹಾದಿ ಮಾಡಿ, 1997ರಲ್ಲಿ ಜನರಿಗೆ ತೆರೆದರು. ಅವರ ಭಾಷೆಯಲ್ಲಿ ಇದಕ್ಕೆ ‘ವ್ವಾ ವೆರ್ತ್’ ಎಂದು ಹೆಸರು. ಎಂದರೆ ಹಸಿರು ಹಾದಿ. ಫ್ರಾನ್ಸಿನಲ್ಲಿ ಇಂಥ ಹಾದಿಗಳಲ್ಲಿ ಇದೇ ಮೊದಲನೆಯದು. ಮೋಟಾರು ವಾಹನಗಳಿಗೆ ಇಲ್ಲಿ ಪ್ರವೇಶವಿಲ್ಲ. ಉಗಿಬಂಡಿಗೆ ಕಡಿದಾದ ಏರು ಹತ್ತಲು ಬಾರದು. ಆದ್ದರಿಂದ ಅಂದಿನ ಎಂಜಿನಿಯರರು ಗುಡ್ಡವನ್ನು ಕೊರೆದೂ ತಗ್ಗನ್ನು ತುಂಬಿಯೂ ನೆಲವನ್ನು ಮಟ್ಟಮಾಡಿದ್ದರು. ಆ ಶ್ರಮದ ಫಲವನ್ನು ಇಂದು ಓಟಗಾರರ ಮೊಣಕಾಲುಗಳು ಅನುಭವಿಸುತ್ತಿವೆ.

ನಮ್ಮನ್ನು ಅಲ್ಲಿಗೆ ಕರೆದೊಯ್ದದ್ದು ಲಿಯೋಂ ನಗರದಲ್ಲಿ ನೆಲೆಸಿರುವ ಒಂದು ಕನ್ನಡದ ಕುಟುಂಬ. ಆ ಮನೆಯ ತರುಣ, ಧಾರವಾಡದ ಕಡೆಯವನು, ದಿನವೂ ಓಡುವ ಅಭ್ಯಾಸವುಳ್ಳವನು. “ಗುರುಗಳ, ನೀವು ಸಾವಕಾಶ ನಡಕೋತ ಬರ್ರಿ, ನಾ ಮುಂದ ಓಡಿ ಹೋಗಿ ನಿಮ್ಮ ಹಾದಿ ಕಾಯ್ತೇನ್ರಿ” ಎಂದು ಹೇಳಿ ಅವನು ಹೊರಟುಹೋಗುತ್ತಿದ್ದ. ಅರವತ್ತು ದಾಟಿದ ನಮಗೆ ಓಟದ ಹಂಗಿಲ್ಲ. ಆದರೆ ಓಡುವವರು ಏನನ್ನು ನೋಡುತ್ತಾರೆ, ಏನನ್ನು ನೋಡದೆ ಹೋಗುತ್ತಾರೆ ಎಂಬ ಕುತೂಹಲ ಮಾತ್ರ ಇತ್ತು.

ನೋಡದೆ ಹೋಗಬಾರದ್ದು ಮೊದಲಿಗೇ ಸಿಗುತ್ತದೆ. ಅದು ಕ್ಲೂನಿ. 910ರಲ್ಲಿ ಅಕ್ವಿಟೇನಿನ ದೊರೆ ವಿಲಿಯಂ ತನ್ನ ಭೂಮಿಯನ್ನು ಸನ್ಯಾಸಿಗಳಿಗೆ ದಾನಮಾಡಿ, ಈ ಮಠದ ಮೇಲೆ ತನಗಾಗಲಿ ಮತ್ತಾವ ಅರಸನಿಗಾಗಲಿ ಅಧಿಕಾರವಿಲ್ಲ, ಇದು ಪೋಪರೊಬ್ಬರ ರಕ್ಷಣೆಯಲ್ಲಿರತಕ್ಕದ್ದು ಎಂದು ಪತ್ರ ಬರೆದುಕೊಟ್ಟನು. ಆ ಒಂದು ಕಟ್ಟಳೆಯಿಂದ ಮಠವು ಹೇಗೆ ಬೆಳೆಯಿತೆಂಬುದು ಆಶ್ಚರ್ಯಕರವಾಗಿದೆ. ಎರಡು ಶತಮಾನಗಳಲ್ಲಿ ಯುರೋಪಿನ ಉದ್ದಗಲಕ್ಕೂ ಸುಮಾರು ಸಾವಿರ ಶಾಖಾಮಠಗಳಾದವು. ಮಠಾಧಿಪತಿ ಹ್ಯೂ ಅವರು 1049ರಿಂದ 1109ರವರೆಗೆ, ಅರವತ್ತು ವರುಷ, ಪೀಠದಲ್ಲಿದ್ದರು. ಅವರು 1088ರಲ್ಲಿ ಆರಂಭಿಸಿದ ಮಹಾಮಂದಿರದ ಉದ್ದ 187 ಮೀಟರು. ರೋಮಿನ ಸೇಂಟ್ ಪೀಟರ್ ಚರ್ಚು 16ನೆಯ ಶತಮಾನದಲ್ಲಿ ಹೊಸದಾಗಿ ಏಳುವವರೆಗೆ ಕ್ರೈಸ್ತ ಜಗತ್ತಿನಲ್ಲಿ ಅದಕ್ಕಿಂತ ದೊಡ್ಡದಿರಲಿಲ್ಲ.

ಇಂದು ಅಲ್ಲಿ ಉಳಿದಿರುವುದು ಹತ್ತನೆಯ ಒಂದು ಪಾಲೂ ಅಲ್ಲ. ದಕ್ಷಿಣದ ತೋಳೊಂದು, ಅದರ ಮೇಲಣ ಎಂಟು ಮೂಲೆಯ ಗೋಪುರ, ಕೆಲವು ಕಂಬಗಳ ಬುಡ. 1789ರ ಕ್ರಾಂತಿಯ ತರುವಾಯ ಸನ್ಯಾಸಿಗಳನ್ನು ಹೊರಹಾಕಿದರು. 1798ರಲ್ಲಿ ಕಟ್ಟಡವನ್ನು ವ್ಯಾಪಾರಿಗಳಿಗೆ ಮಾರಿದರು. ಅವರು ಅದನ್ನು ಕಲ್ಲಿನ ಗಣಿಯೆಂದೇ ಭಾವಿಸಿ ಇಪ್ಪತ್ತೈದು ವರುಷಗಳ ಕಾಲ ಒಡೆದು ಮಾರಿದರು. ಪೇಟೆಯ ಬೀದಿಯೊಂದನ್ನು ಮಂದಿರದ ನಡುವಂಕಣದ ಮೇಲೆಯೇ ಹಾಯಿಸಿದರು. ನೆಪೋಲಿಯನ್ ಸ್ಥಾಪಿಸಿದ ಕುದುರೆಲಾಯಕ್ಕೂ ಇದೇ ಕಲ್ಲು ಹೋಯಿತು. ಬೆಳಗಿನ ಓಟಕ್ಕೆ ಹೊರಟವನು ಆ ಬೀದಿಯಲ್ಲಿ ಒಂದು ನಿಮಿಷ ಓಡಿದರೆ ಮಂದಿರದ ಉದ್ದವನ್ನೆಲ್ಲ ಓಡಿದಂತೆ. ಗರ್ಭಸ್ಥಾನದ ಮೇಲೆ ತನ್ನ ಕಾಲು ಬಿತ್ತೆಂಬುದು ಅವನಿಗೆ ತಿಳಿಯುವುದೂ ಇಲ್ಲ. ಹಾರ್ವರ್ಡಿನ ವಿದ್ವಾಂಸ ಕೆನೆತ್ ಕೊನಂಟ್ ಅವರು 1928ರಿಂದ ಎರಡು ದಶಕಗಳಿಗೂ ಮಿಕ್ಕಿ ನೆಲ ಅಗೆದು ಅಳತೆಗಳನ್ನು ಕಂಡುಹಿಡಿಯದಿದ್ದರೆ ನಾವು ಇಷ್ಟನ್ನೂ ಹೇಳಲಾಗುತ್ತಿರಲಿಲ್ಲ.

ಕಲ್ಲು ಒಡೆದವರ ಮೇಲೆಯೇ ಎಲ್ಲ ತಪ್ಪನ್ನು ಹೊರಿಸುವುದು ನಮಗೆ ಸರಿಯೆನಿಸದು. ವಿಲಿಯಂ ದೊರೆಯ ಪತ್ರದ ಜೀವಾಳವು ಅದಕ್ಕೂ ಬಹಳ ಹಿಂದೆಯೇ ಹೋಗಿತ್ತು. 16ನೆಯ ಶತಮಾನದಿಂದ ಅರಸರು ತಮಗೆ ಬೇಕಾದವರನ್ನು ಪೀಠಕ್ಕೆ ನೇಮಿಸತೊಡಗಿದರು. ರಾಜಮಂತ್ರಿಗಳಾಗಿದ್ದ ರಿಶೆಲ್ಯು, ಮಜಾರಿನ್ ಅವರಂಥವರೂ ಕ್ಲೂನಿಯ ಮಠಾಧಿಪತಿಗಳೆನಿಸಿಕೊಂಡರು. ಉತ್ಪನ್ನ ಅವರಿಗೆ, ಉಪವಾಸ ಸನ್ಯಾಸಿಗಳಿಗೆ. ಮಠದಲ್ಲಿ ವಾಸಮಾಡದ ಒಡೆಯನಿಗೆ ಮಠವು ಹೊಲವಾಗುತ್ತದೆ. ಒಡೆಯನಿಗೇ ಹೊಲವಾದುದು ವ್ಯಾಪಾರಿಗೆ ಗಣಿಯಾದರೆ ಅಚ್ಚರಿಯೇನು? ಅದೇ ನಾಡಿನ ಮುಂದಿನ ತಲೆಮಾರುಗಳು ಹಾಳಾದ ರೈಲುದಾರಿಯನ್ನು ತುಂಡುತುಂಡಾಗಿ ಮಾರದೆ, ಯಾರೂ ಕಾಸು ಕೊಡದೆ ನಡೆಯಬಹುದಾದ ಸೊತ್ತಾಗಿ ಉಳಿಸಿಕೊಂಡವು. ಎರಡನ್ನೂ ಒಂದೇ ಊರಿನಲ್ಲಿ ನೋಡಬಹುದು.

ಕ್ಲೂನಿಯಿಂದ ಉತ್ತರಕ್ಕೆ ಕೊರ್ಮಾತಾಂ ಎಂಬಲ್ಲಿಗೆ ಸುಮಾರು 13 ಕಿಲೋಮೀಟರು. ಹೊಸದಾಗಿ ಓಟ ಕಲಿಯುವವರಿಗೆ ಇದಕ್ಕಿಂತ ಸೌಮ್ಯವಾದ ದಾರಿಯಿಲ್ಲ. ಹೊಳೆ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ. ಶಾರೊಲೆ ತಳಿಯ ಬಿಳಿಯ ಹಸುಗಳು ಬೇಲಿಯ ಬಳಿ ಬಂದು ಓಡುವವರನ್ನು ಗಂಭೀರವಾಗಿ ದಿಟ್ಟಿಸುತ್ತವೆ. ಹಳೆಯ ಸ್ಟೇಷನ್ನುಗಳ ಕಟ್ಟಡಗಳು ಹಾದಿಯ ಬದಿಯಲ್ಲಿ ಇನ್ನೂ ನಿಂತಿವೆ. ಹಳ್ಳಿಗಳಲ್ಲಿ ಬಟ್ಟೆ ಒಗೆಯಲು ಹಿಂದಿನವರು ಕಟ್ಟಿಸಿದ ಚಾವಣಿಯುಳ್ಳ ಕಲ್ಲಿನ ಕೊಳಗಳುಂಟು. ಬೇಸಗೆಯಲ್ಲಿ ಅಲ್ಲಿ ಕುಳಿತರೆ ಹಿತವಾಗಿರುತ್ತದೆ. ಆದರೆ ಕಂಡಕಂಡ ನಲ್ಲಿಯ ನೀರನ್ನು ಕುಡಿಯಲಾಗದು. ‘ಓ ಪೊತಾಬ್ಲ್’ ಎಂದು ಬರೆದಿದ್ದರೆ ಕುಡಿಯಬಹುದು. ಅದರ ನಡುವೆ ‘ನೋಂ’ ಎಂಬ ಮಾತು ಸೇರಿದ್ದರೆ ಮುಟ್ಟಬಾರದು. ಭಾನುವಾರ ಮಧ್ಯಾಹ್ನ ಅಂಗಡಿಗಳು ಮುಚ್ಚಿರುವುದರಿಂದ ಬುತ್ತಿ ಜೊತೆಗಿರುವುದು ಲೇಸು. ಶಾಕಾಹಾರಿಗಳಿಗೆ ರೊಟ್ಟಿಯಂಗಡಿಯೇ ಗತಿ. ಅದು ಕಳಪೆ ಗತಿಯೇನೂ ಅಲ್ಲ.

ಈ ದಾರಿಯ ಮುಕ್ಕಾಲು ಭಾಗದಲ್ಲಿ ಪಕ್ಕದ ದಿಣ್ಣೆಯ ಮೇಲೆ ತೇಜೆ ಎಂಬ ಪುಟ್ಟ ಹಳ್ಳಿಯಿದೆ. 1940ರಲ್ಲಿ, ಯುದ್ಧದ ನಡುವೆ, ಸ್ವಿಟ್ಜರ್ಲೆಂಡಿನ ರೋಜೆ ಎಂಬ ಇಪ್ಪತ್ತೈದರ ತರುಣ ಒಬ್ಬಂಟಿಯಾಗಿ ಇಲ್ಲಿಗೆ ಬಂದು ಮನೆಯೊಂದನ್ನು ಕೊಂಡು, ಯೆಹೂದಿಗಳೇ ಮೊದಲಾದ ನಿರಾಶ್ರಿತರನ್ನು ಅಡಗಿಸಿಟ್ಟು ಕಾಪಾಡಿದರು. ಯುದ್ಧ ಮುಗಿದ ಮೇಲೆ ಅಲ್ಲೊಂದು ಸೋದರರ ಮಠ ಬೆಳೆಯಿತು. ಕ್ರೈಸ್ತರ ಭಿನ್ನ ಪಂಥದವರು ಅಲ್ಲಿ ಒಟ್ಟಿಗೆ ಬಾಳುತ್ತಾರೆ. ದಿನಕ್ಕೆ ಮೂರು ಸಲ ಪ್ರಾರ್ಥನೆ, ಪ್ರಾರ್ಥನೆಯ ನಡುವೆ ದೀರ್ಘ ಮೌನ. ಬೇಸಗೆಯಲ್ಲಿ ಸಾವಿರಾರು ಯುವಕ ಯುವತಿಯರು ಬಂದು ವಾರಗಟ್ಟಲೆ ಇರುತ್ತಾರೆ. 2005ರ ಆಗಸ್ಟ್ 16ರ ಸಂಜೆ, ಪ್ರಾರ್ಥನೆಯ ಮಧ್ಯದಲ್ಲಿಯೇ, ತೊಂಬತ್ತರ ವೃದ್ಧರಾಗಿದ್ದ ಸೋದರ ರೋಜೆ ಅವರನ್ನು ಮತಿಭ್ರಮಣೆಗೊಳಗಾದ ಮಹಿಳೆಯೊಬ್ಬಳು ಇರಿದು ಕೊಂದಳು. ಪ್ರಾರ್ಥನೆಗಳು ಇಂದಿಗೂ ನಡೆದಿವೆ. ನಮ್ಮ ತರುಣ ಅಲ್ಲಿ ನಮಗಾಗಿ ಕಾಯುತ್ತಿದ್ದವನು, ಗಂಟೆಯ ಸದ್ದು ಕೇಳಿ ಬೂಟಿನ ದೂಳು ಒರೆಸಿಕೊಂಡು ಒಳಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತುಬಿಟ್ಟಿದ್ದ. ಆ ದಿನದ ಓಟ ಅಲ್ಲಿಗೇ ನಿಂತಿತು.

ಕೊರ್ಮಾತಾಂ ಕೋಟೆಮನೆ 17ನೆಯ ಶತಮಾನದ್ದು. ಸುತ್ತ ನೀರಿನ ಕಂದಕ, ಒಳಗೆ ಚಿನ್ನದ ಲೇಪದ ಕೋಣೆಗಳು. ನಮಗೆ ಅದಕ್ಕಿಂತ ಹೆಚ್ಚು ಹಿಡಿಸಿದ್ದು ಪೂರ್ವಕ್ಕಿರುವ ಶಾಪೇಜ್ ಎಂಬ ಹಳ್ಳಿಯ 11ನೆಯ ಶತಮಾನದ ಚರ್ಚು. ಅದರ ಗೋಪುರ ಊರಿಗೆ ಮೀರಿದ ಎತ್ತರ. ಅಲ್ಲಿಂದ ಮುಂದೆ ಬ್ರಾಂಸಿಯೋಂ ಎಂಬ ಬೆಟ್ಟದೂರಿಗೆ ಏರು ಕಡಿದಾಗಿದೆ; ನುರಿತ ಓಟಗಾರರೂ ಅಲ್ಲಿ ನಡೆಯತೊಡಗುತ್ತಾರೆ. ಶರತ್ಕಾಲದಲ್ಲಿ ಈ ಕಾಡುಗಳಲ್ಲಿ ಬೇಟೆಯಾಡುತ್ತಾರೆ. ಆಗ ಕೆಂಪೋ ಕಿತ್ತಳೆಯೋ ಆದ ಉಡುಪು ತೊಡದೆ ಒಳದಾರಿಗಳಿಗೆ ಹೋಗಬಾರದು.

ಕ್ಲೂನಿಯಿಂದ ದಕ್ಷಿಣಕ್ಕೂ ಹಾದಿ ಮುಂದುವರಿದಿದೆ. ಬುವಾ ಕ್ಲೇರ್ ಗುಡ್ಡದ ಅಡಿಯಲ್ಲಿ 1.6 ಕಿಲೋಮೀಟರು ಉದ್ದದ ಹಳೆಯ ರೈಲು ಸುರಂಗ. ಹೊರಗೆ ಎಷ್ಟೇ ಬಿಸಿಲಿದ್ದರೂ ಒಳಗೆ ಚಳಿ. ಬಾವಲಿಗಳು ಅಲ್ಲಿ ಮಲಗಿ ಚಳಿಗಾಲ ಕಳೆಯುವುದರಿಂದ ಆ ತಿಂಗಳುಗಳಲ್ಲಿ ಸುರಂಗವನ್ನು ಮನುಷ್ಯರಿಗೆ ಮುಚ್ಚುತ್ತಾರೆ. ಆ ಬಾವಲಿಗಳಿಗೆ ಸಿಕ್ಕ ಮರ್ಯಾದೆ ಕ್ಲೂನಿಯ ಸನ್ಯಾಸಿಗಳಿಗೆ ಸಿಗಲಿಲ್ಲ! ಸುರಂಗದಾಚೆ ಬೆರ್ಜೆ ಎಂಬ ಹಳ್ಳಿಯಲ್ಲಿ ಆ ಸನ್ಯಾಸಿಗಳ ಚಿಕ್ಕ ಪ್ರಾರ್ಥನಾಮಂದಿರವಿದೆ. ಸುಣ್ಣದ ಅಡಿಯಲ್ಲಿ ಮರೆಯಾಗಿದ್ದ ಅದರ ಭಿತ್ತಿಚಿತ್ರಗಳು 1887ರಲ್ಲಿ ಬೆಳಕಿಗೆ ಬಂದವು. ಕ್ಲೂನಿಯ ಗೋಡೆಗಳ ಮೇಲೆ ಏನಿದ್ದಿರಬಹುದೆಂದು ಊಹಿಸಲು ಇದೊಂದೇ ಕಿಟಕಿ.

ಇನ್ನೂ ತೆಂಕಣಕ್ಕೆ 493 ಮೀಟರು ಎತ್ತರದ ಸೊಲ್ಯೂತ್ರೆ ಬಂಡೆ. ರಾಷ್ಟ್ರಾಧ್ಯಕ್ಷರಾಗಿದ್ದ ಮಿತ್ತೆರಾಂ ಅವರು ವರ್ಷಕ್ಕೊಮ್ಮೆ ತಪ್ಪದೆ ಇದನ್ನು ಹತ್ತುತ್ತಿದ್ದರು. ಆದಿಮಾನವರು ಕುದುರೆಗಳನ್ನು ಅಟ್ಟಿ ಈ ಬಂಡೆಯಿಂದ ಕೆಡವುತ್ತಿದ್ದರೆಂಬ ಕಥೆ ಬಹು ಪ್ರಸಿದ್ಧ. ಅದು ಉತ್ಖನನಕಾರರಲ್ಲೊಬ್ಬರಾದ ಆರ್ಸೆಲಿನ್ ಅವರು 1872ರಲ್ಲಿ ಬರೆದ ಕಾದಂಬರಿಯಿಂದ ಬಂದದ್ದು. ಬೇಟೆಯು ನಡೆದದ್ದು ಬಂಡೆಯ ಬುಡದಲ್ಲಿ ಎಂಬುದು ಎಲುಬುಗಳಿಂದ ತಿಳಿದಿದೆ.

ಉತ್ತರದ ತುದಿಯ ಮಾತೊಂದು ಉಳಿಯಿತು. 12ನೆಯ ಶತಮಾನದಲ್ಲಿ, ನಮ್ಮ ಕಲ್ಯಾಣದ ಶರಣರ ಶತಮಾನದಲ್ಲಿಯೇ, ಪ್ಯಾರಿಸಿನ ಮಹಾತಾರ್ಕಿಕ ಅಬೆಲಾರ್ ಅವರ ಬೋಧನೆಯನ್ನು ಧರ್ಮಸಭೆ ಖಂಡಿಸಿತು. ಅವರ ಮೇಲೆ ಆಪಾದನೆ ಹೊರಿಸಿದವರು ಕ್ಲೇರ್ವೋದ ಬರ್ನಾರ್ಡರು. ಕ್ಲೂನಿಯ ವೈಭವವನ್ನು ಟೀಕಿಸಿದವರೂ ಅವರೇ. ರೋಮಿಗೆ ಹೋಗಿ ಮೊರೆಯಿಡುವೆನೆಂದು ಹೊರಟ ವೃದ್ಧ ಅಬೆಲಾರ್ ದಾರಿಯಲ್ಲಿ ದಣಿದು ಕ್ಲೂನಿಯಲ್ಲಿ ತಂಗಿದರು. ಮಠಾಧಿಪತಿ ಪೂಜ್ಯ ಪೀಟರ್ ಅವರು ಆ ಖಂಡಿತ ವಿದ್ವಾಂಸನನ್ನು ಹೊರಗಟ್ಟದೆ ಮಠದಲ್ಲಿ ಇರಿಸಿಕೊಂಡು, ಬರ್ನಾರ್ಡರೊಡನೆ ಸಂಧಾನವನ್ನೂ ಮಾಡಿಸಿದರು. ದೇಹ ಕುಗ್ಗಿದಾಗ ಹವೆ ಹಿತವಾಗಿರಲೆಂದು ಶಾಲೋಂ ಬಳಿಯ ಸಾಂ ಮಾರ್ಸೆಲ್ ಶಾಖಾಮಠಕ್ಕೆ ಕಳುಹಿಸಿದರು. ಹಸಿರು ಹಾದಿ ಹೋಗುವ ದಿಕ್ಕೂ ಅದೇ. ಒಳ್ಳೆಯ ಓಟಗಾರನಿಗೆ ಒಂದು ದಿನದ ದಾರಿ. ಅಬೆಲಾರ್ 1142ರಲ್ಲಿ ಅಲ್ಲಿಯೇ ತೀರಿಕೊಂಡರು. ಪೀಟರ್ ಅವರು ಆ ಕೊನೆಯ ದಿನಗಳ ವೃತ್ತಾಂತವನ್ನು, ಒಂದು ಕಾಲಕ್ಕೆ ಅಬೆಲಾರರ ಪತ್ನಿಯಾಗಿದ್ದು ಅನಂತರ ಸನ್ಯಾಸಿನಿಯಾದ ಎಲೊಯಿಸ್ ಅವರಿಗೆ ಪತ್ರಮುಖೇನ ತಿಳಿಸಿದರು; ಬಳಿಕ ಪಾರ್ಥಿವ ಶರೀರವನ್ನು ಆಕೆಯ ಮಠಕ್ಕೇ ತಲುಪಿಸಿದರು.