ಮಲಗಲು ಎಷ್ಟು ಎತ್ತರ ಬೇಕು?

ಕ್ಯಾಲಿಫೋರ್ನಿಯಾದ ಪೂರ್ವದಂಚಿನಲ್ಲಿ ಬ್ಯಾಡ್‌ವಾಟರ್ ಎಂಬ ಉಪ್ಪಿನ ಬಯಲಿದೆ. ಕಡಲಮಟ್ಟಕ್ಕಿಂತ 282 ಅಡಿ ಕೆಳಗೆ. ಉತ್ತರ ಅಮೆರಿಕದಲ್ಲಿ ಅದಕ್ಕಿಂತ ತಗ್ಗಾದ ನೆಲ ಇನ್ನೊಂದಿಲ್ಲ. ಅಲ್ಲಿಂದ ಪಶ್ಚಿಮಕ್ಕೆ, ಹಕ್ಕಿ ಹಾರುವ ಲೆಕ್ಕದಲ್ಲಿ ಬರೀ 85 ಮೈಲಿಯಾಚೆ, ಮೌಂಟ್ ವಿಟ್ನಿ ನಿಂತಿದೆ. ಅದರ ಎತ್ತರ 14,505 ಅಡಿ. ಅಲಾಸ್ಕವನ್ನು ಬಿಟ್ಟರೆ ಅಮೆರಿಕದಲ್ಲಿ ಅದನ್ನು ಮೀರಿಸುವ ಶಿಖರವಿಲ್ಲ. ಇವೆರಡರ ನಡುವೆ ಒಂದರ ಹಿಂದೊಂದು ಬೆಟ್ಟದ ಸಾಲು, ಸಾಲುಗಳ ನಡುವೆ ಒಣ ಕಣಿವೆ. ಒಂದೇ ಹಗಲಿನಲ್ಲಿ ಬೆವರಿ, ನಡುಗಿ, ಮತ್ತೆ ಬೆವರುವ ಅದೃಷ್ಟ ಬೇಕಿದ್ದವರು ಇಲ್ಲಿಗೆ ಬರಬೇಕು.

ಇಲ್ಲಿ ಹೋಟೆಲ್ ರೂಮು ಹಿಡಿಯುವುದು ದಂಡ. ಕಣಿವೆಯ ಊರುಗಳಲ್ಲಿ ಒಳ್ಳೆಯ ಹೋಟೆಲುಗಳಿವೆ, ಮಾತು ಅದಲ್ಲ. ಈ ನೆಲದ ನಿಜವಾದ ಆಟ ನಡೆಯುವುದು ಸೂರ್ಯ ಮುಳುಗುವ ಹೊತ್ತಿಗೆ ಮತ್ತು ಹುಟ್ಟುವ ಹೊತ್ತಿಗೆ. ಆ ಎರಡು ಗಳಿಗೆಯಲ್ಲೂ ನಾವು ಬಯಲಲ್ಲಿರಬೇಕು. ಹಿಂದಿನ ಸೀಟು ಮಡಚಿ ಹಾಸಿಗೆ ಹಾಸಿದ ಕಾರು, ಒಂದು ಗುಮ್ಮಟದ ಟೆಂಟು, ಎರಡುರಿಯ ಗ್ಯಾಸ್ ಒಲೆ, ನೀರಿನ ಕ್ಯಾನುಗಳು ಇದ್ದರೆ ಸಾಕು. ಬೇ ಏರಿಯಾದ ಕನ್ನಡದ ಮನೆಗಳಲ್ಲಿ ಈಗ ಕ್ಯಾಂಪಿಂಗ್ ಡಬ್ಬಿ ಎಂದೇ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಗ್ಯಾರೇಜಿನಲ್ಲಿ ಸದಾ ಸಿದ್ಧವಿರುತ್ತದೆ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ, ಮೂರು ಲೀಟರಿನ ಕುಕ್ಕರು ಅದರೊಳಗೆ. ಕುಕ್ಕರಿನ ಸಂಗತಿ ಆಮೇಲೆ ಹೇಳುತ್ತೇನೆ.

ಅಕ್ಟೋಬರಿನಲ್ಲಿ ಯೊಸೆಮಿಟಿಯ ಟಯೋಗ ಪಾಸ್ ದಾಟಿ ಇಳಿದೆವು. ಒಂಬತ್ತು ಸಾವಿರದ ಒಂಬೈನೂರು ಅಡಿಯ ಮೇಲಿನ ಆ ಕಣಿವೆದಾರಿ ಹಿಮ ಬೀಳುತ್ತಿದ್ದಂತೆ ಮುಚ್ಚಿ, ಮುಂದಿನ ಬೇಸಿಗೆಯ ಹೊತ್ತಿಗಷ್ಟೇ ತೆರೆಯುತ್ತದೆ. ಪಶ್ಚಿಮದ ಇಳಿಜಾರಿನ ದಟ್ಟ ಕಾಡು ಪಾಸ್ ದಾಟಿದೊಡನೆ ತೆಳುವಾಗುತ್ತದೆ. ಪೆಸಿಫಿಕ್‌ನಿಂದ ಬಂದ ಮೋಡಗಳು ಸಿಯೆರಾ ನೆವಾಡದ ಆಚೆ ಮಗ್ಗುಲಲ್ಲೇ ಮಳೆಯನ್ನೂ ಹಿಮವನ್ನೂ ಸುರಿದು ಖಾಲಿಯಾಗುತ್ತವೆ; ಈಚೆಗೆ ಉಳಿಯುವುದು ಒಣಗಾಳಿ ಮಾತ್ರ. ಕುದುರೆಮುಖ ಹತ್ತಿ ಆಚೆ ಬಯಲುಸೀಮೆಗೆ ಇಳಿದವರಿಗೆ ಈ ಮಳೆನೆರಳಿನ ಲೆಕ್ಕ ಹೊಸದಲ್ಲ. ಆದರೆ ಇಲ್ಲಿ ಆ ಗೆರೆ ಚಾಕುವಿನಿಂದ ಕೊರೆದಷ್ಟು ನೇರ.

ಮೊದಲ ಬಿಡಾರ ಅಲಬಾಮ ಹಿಲ್ಸ್. ಲೋನ್ ಪೈನ್ ಎಂಬ ಪುಟ್ಟ ಊರಿನ ಬೆನ್ನಿಗೇ ಇದೆ. ಕಾರು ಮಣ್ಣುರಸ್ತೆಗೆ ತಿರುಗಿದೊಡನೆ ನಾನು ಜೋರಾಗಿ ನಕ್ಕುಬಿಟ್ಟೆ. ಎದುರಿಗಿದ್ದದ್ದು ಹಂಪಿ! ಅವೇ ಉರುಟು ಬಂಡೆಗಳು, ಒಂದರ ಹೆಗಲೇರಿ ಕೂತ ಇನ್ನೊಂದು, ಈಗ ಬಿತ್ತು ಆಗ ಬಿತ್ತು ಎನ್ನುವ ಸಮತೋಲ, ಸಂಜೆಗೆ ಕೆನ್ನೀಲಿ ತಿರುಗುವ ಅದೇ ಕೆಂಗಂದು. ವಿರೂಪಾಕ್ಷನ ಗೋಪುರ ಎಲ್ಲಿ ಎಂದು ಕಣ್ಣು ತನ್ನಷ್ಟಕ್ಕೆ ಹುಡುಕಿತು. ಹೋಲಿಕೆ ಬರೀ ನೋಟದ್ದಲ್ಲ, ಹುಟ್ಟಿನದ್ದು ಕೂಡ. ಎರಡೂ ಕಡೆ ಗ್ರಾನೈಟಿನ ಬಿರುಕುಗಳಿಗೆ ನೆಲದಡಿಯಲ್ಲೇ ನೀರು ಇಳಿದು, ಮೂಲೆಗಳನ್ನು ಕರಗಿಸಿ, ಆಮೇಲೆ ಮೇಲಿನ ಮಣ್ಣು ಕೊಚ್ಚಿಹೋಗಿ ಉರುಟು ಬಂಡೆ ಹೊರಬಿದ್ದದ್ದು. ವಯಸ್ಸಿನಲ್ಲಿ ಮಾತ್ರ ನಮ್ಮದು ಮುತ್ತಜ್ಜ: ಹಂಪಿಯ ಕಲ್ಲಿಗೆ ಸುಮಾರು 250 ಕೋಟಿ ವರ್ಷ, ಇಲ್ಲಿಯದಕ್ಕೆ ಹತ್ತು ಕೋಟಿಯೂ ತುಂಬಿಲ್ಲ.

ಸೋಜಿಗವೆಂದರೆ ಹಾಲಿವುಡ್ಡಿನವರಿಗೂ ಈ ಜಾಗ ಭಾರತದಂತೆಯೇ ಕಂಡಿತ್ತು. 1939ರ ‘ಗಂಗಾ ದಿನ್’ ಚಿತ್ರದಲ್ಲಿ ಬ್ರಿಟಿಷರ ವಾಯವ್ಯ ಗಡಿ ಪ್ರಾಂತ್ಯವಾಗಿ ಕಾಣುವುದು ಇವೇ ಬಂಡೆಗಳು. ‘ಐರನ್ ಮ್ಯಾನ್’ ಚಿತ್ರದ ಅಫ್ಘಾನಿಸ್ತಾನದ ದೃಶ್ಯಗಳಿಗೂ ಇಲ್ಲಿಗೇ ಬಂದರು. ಕೌಬಾಯ್ ಸಿನಿಮಾಗಳಿಗಂತೂ ಲೆಕ್ಕವಿಲ್ಲ. ಲೋನ್ ಪೈನಿನಲ್ಲಿ ಅದಕ್ಕೆಂದೇ ಒಂದು ವಸ್ತುಸಂಗ್ರಹಾಲಯವಿದೆ. ಬಿಸಿಲು ತಾಳದ ಮಧ್ಯಾಹ್ನ ಹೋಗಬಹುದು.

ಉಚಿತ ಪರವಾನಗಿ ಪಡೆದು, ಗುರುತು ಹಾಕಿದ ಜಾಗದಲ್ಲಿ ಇಲ್ಲಿ ಬೀಡುಬಿಡಬೇಕು. ನೀರಿಲ್ಲ, ನಲ್ಲಿಯಿಲ್ಲ, ಮೇಜಿಲ್ಲ. ಟೆಂಟಿನ ಗೂಟ ಮಣ್ಣಿಗಿಳಿಯುವುದಿಲ್ಲ. ಮೇಲೆ ಎರಡು ಬೆರಳು ದಪ್ಪ ಗರಸು, ಕೆಳಗೆ ಗಟ್ಟಿನೆಲ. ಸುತ್ತಿಗೆ ಏಟಿಗೆ ಗೂಟ ಕೊಂಕುತ್ತದೆಯೇ ಹೊರತು ಒಳಗೆ ಹೋಗದು. ಹಗ್ಗಗಳನ್ನು ತಲೆಗಾತ್ರದ ಕಲ್ಲುಗಳಿಗೆ ಸುತ್ತಿ, ಒಳಗೆ ನಾಲ್ಕು ಮೂಲೆಗೂ ಭಾರ ಇಡಬೇಕು. ಯಾಕೆಂದರೆ ಸೂರ್ಯ ಸಿಯೆರಾದ ಹಿಂದೆ ಸರಿದ ಸ್ವಲ್ಪ ಹೊತ್ತಿಗೆ ಬೆಟ್ಟದ ಮೇಲಿನ ತಂಗಾಳಿ ಭಾರವಾಗಿ ಕೆಳಗೆ ಜಾರತೊಡಗುತ್ತದೆ. ಮೊದಲು ಒಲೆಯ ಜ್ವಾಲೆ ವಾಲುತ್ತದೆ, ಆಮೇಲೆ ತಟ್ಟೆ ಹಾರುತ್ತದೆ. ಇಂಥ ರಾತ್ರಿಗಳಲ್ಲಿ ಟೆಂಟಿಗಿಂತ ಕಾರಿನ ಹಾಸಿಗೆಯೇ ಮೇಲು. ಕಿಟಕಿಯನ್ನು ಬೆರಳಗಲ ತೆರೆದಿಡಿ, ಇಲ್ಲದಿದ್ದರೆ ಬೆಳಿಗ್ಗೆ ನಿಮ್ಮ ಉಸಿರೇ ಗಾಜಿನಿಂದ ನಿಮ್ಮ ಮೇಲೆ ತೊಟ್ಟಿಕ್ಕುತ್ತದೆ.

ಆದರೆ ಬೆಳಗಿನ ಜಾವ ಹೊರಗೆ ಬಂದು ಪಶ್ಚಿಮಕ್ಕೆ, ಹೌದು ಪಶ್ಚಿಮಕ್ಕೇ, ಮುಖಮಾಡಿ ಕೂತುಕೊಳ್ಳಿ. ಕಣಿವೆ ಇನ್ನೂ ಕತ್ತಲಲ್ಲಿರುವಾಗ ವಿಟ್ನಿಯ ಸೂಜಿಮೊನೆಗಳಿಗೆ ಗುಲಾಬಿ ಬಣ್ಣ ತಗಲುತ್ತದೆ. ಬೆಳಕು ಮೇಲಿಂದ ಕೆಳಗಿಳಿಯುತ್ತದೆ: ಮೊದಲು ಶಿಖರ, ಆಮೇಲೆ ಹಿಮದ ಕಲೆಗಳು, ಬಳಿಕ ಕಲ್ಲಿನ ಗೋಡೆ, ಕೊನೆಗೆ ನಮ್ಮ ಬಂಡೆ, ನಮ್ಮ ಕಾಫಿಲೋಟ. ಹತ್ತು ಸಾವಿರ ಅಡಿ ಇಳಿಯಲು ಸೂರ್ಯನಿಗೆ ಹಿಡಿಯುವ ಆ ಹೊತ್ತಿನಲ್ಲಿ ನಮ್ಮ ಗುಂಪಿನ ವಾಚಾಳಿಗಳೂ ಬಾಯಿ ಬಿಡಲಿಲ್ಲ. ಎಡಕ್ಕಿರುವ ಲೋನ್ ಪೈನ್ ಪೀಕ್ ಹೆಚ್ಚು ಎತ್ತರವಾಗಿ ಕಾಣುತ್ತದೆ. ಹತ್ತಿರವಿರುವುದರ ಮೋಸ ಅದು. ಬೆಳಕು ಮಾತ್ರ ಮೋಸಹೋಗುವುದಿಲ್ಲ, ಮೊದಲು ವಿಟ್ನಿಯನ್ನೇ ಮುಟ್ಟುತ್ತದೆ.

ಈ ಕಣಿವೆ ಹೀಗೆ ಬೋಳಾಗಿರುವುದಕ್ಕೆ ಮಳೆನೆರಳೊಂದೇ ಕಾರಣವಲ್ಲ. ಸಿಯೆರಾದ ಹಿಮ ಕರಗಿ ಹರಿಯುವ ಓವೆನ್ಸ್ ನದಿಯನ್ನು ಲಾಸ್ ಏಂಜಲೀಸ್ ನಗರ 1913ರಲ್ಲಿ ಕಾಲುವೆ ಹಾಕಿ ತನ್ನ ಕಡೆ ಹರಿಸಿಕೊಂಡಿತು. ದಕ್ಷಿಣಕ್ಕಿದ್ದ ಓವೆನ್ಸ್ ಸರೋವರ ಕೆಲವೇ ವರ್ಷಗಳಲ್ಲಿ ಬತ್ತಿ ದೂಳಿನ ತಟ್ಟೆಯಾಯಿತು. ಊರ ಉತ್ತರಕ್ಕೆ ಮಾಂಜನಾರ್ ಇದೆ. ಎರಡನೇ ಮಹಾಯುದ್ಧದಲ್ಲಿ ಜಪಾನಿ ಮೂಲದ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಬೇಲಿಯೊಳಗೆ ಕೂಡಿಹಾಕಿದ್ದ ಜಾಗ. ಇದೇ ಗಾಳಿ, ಇದೇ ದೂಳು ಅವರ ಮರದ ಬ್ಯಾರಕ್ಕುಗಳ ಸಂದಿಯಿಂದ ನುಗ್ಗುತ್ತಿತ್ತು. ಮೋಜಿಗೆ ಟೆಂಟು ಹಾಕುವವರು ಒಂದು ಗಂಟೆ ಅಲ್ಲಿ ಅಡ್ಡಾಡಿ ಬರುವುದು ಒಳ್ಳೆಯದು.

ಲೋನ್ ಪೈನಿನಿಂದ ಪೂರ್ವಕ್ಕೆ ಡೆತ್ ವ್ಯಾಲಿ. 1913ರ ಜುಲೈ 10ರಂದು ಇಲ್ಲಿನ ಫರ್ನೆಸ್ ಕ್ರೀಕಿನಲ್ಲಿ ದಾಖಲಾದ 56.7 ಡಿಗ್ರಿ ಸೆಲ್ಸಿಯಸ್ ಇಂದಿಗೂ ಜಗತ್ತಿನ ಅಧಿಕೃತ ದಾಖಲೆ. ಅಕ್ಟೋಬರಿನಲ್ಲೂ ಕಣಿವೆಯ ತಳದಲ್ಲಿ ಮಧ್ಯಾಹ್ನ ಉಡಾಫೆಯ ಮಾತಿಲ್ಲ. ತಳದಲ್ಲಿ ದೊಡ್ಡ ಕ್ಯಾಂಪುಗಳಿವೆ, ಚಳಿಗಾಲಕ್ಕೆ ಚೆನ್ನ. ಉಳಿದ ಕಾಲದಲ್ಲಿ ಡೆತ್ ವ್ಯಾಲಿಯಲ್ಲಿ ಮಲಗಬೇಕಾದರೆ ಮೇಲೆ ಹೋಗಬೇಕು. ಸಾವಿರ ಅಡಿ ಏರಿದರೆ ಸುಮಾರು ಎರಡು ಡಿಗ್ರಿ ಇಳಿಯುತ್ತದೆ. ಈ ಸರಳ ಗುಣಾಕಾರವೇ ಮರುಭೂಮಿಯ ಕ್ಯಾಂಪಿಂಗಿನ ಒಟ್ಟು ಗುಟ್ಟು. ಎಂಟು ಸಾವಿರ ಅಡಿಯ ಮೇಲಿನ ಮಹಾಗನಿ ಫ್ಲ್ಯಾಟ್ ನಮ್ಮ ಗುರಿಯಾಗಿತ್ತು. ಏಸಿ ಹಾಕಿಕೊಂಡು ಹೊರಟವರು ಹೀಟರ್ ಹಾಕಿಕೊಂಡು ತಲುಪಿದೆವು.

ದಾರಿಯಲ್ಲಿ ವೈಲ್ಡ್‌ರೋಸ್‌ನ ಇದ್ದಿಲಗೂಡುಗಳಿವೆ. 1877ರಲ್ಲಿ ಕಟ್ಟಿದ ಹತ್ತು ಕಲ್ಲಿನ ಗುಮ್ಮಟಗಳು, ಒಂದೊಂದೂ ಸುಮಾರು 25 ಅಡಿ ಎತ್ತರ, ಸಾಲಾಗಿ. ಬೆಟ್ಟದ ಪಿನ್ಯನ್ ಪೈನ್ ಮರಗಳನ್ನು ಕಡಿದು ಇಲ್ಲಿ ಇದ್ದಿಲು ಮಾಡಿ, ದೂರದ ಬೆಳ್ಳಿ-ಸೀಸದ ಕುಲುಮೆಗಳಿಗೆ ಸಾಗಿಸುತ್ತಿದ್ದರು. ಗೂಡುಗಳು ಕೆಲವೇ ವರ್ಷ ಉರಿದವು. ಬಾಗಿ ಒಳಹೊಕ್ಕರೆ, ನೂರಾನಲವತ್ತಕ್ಕೂ ಹೆಚ್ಚು ವರ್ಷಗಳ ಬಳಿಕವೂ, ಹೊಗೆಯ ವಾಸನೆ ಮೂಗಿಗೆ ಬಡಿಯುತ್ತದೆ. ಗೋಡೆಗೆ ಬೆರಳಿಟ್ಟರೆ ಕಪ್ಪು ಅಂಟುತ್ತದೆ. ಚಪ್ಪಾಳೆ ತಟ್ಟಿದರೆ ಸದ್ದು ಗುಮ್ಮಟದಲ್ಲಿ ಸುತ್ತು ಹಾಕಿ ನಮ್ಮ ಕಿವಿಗೇ ವಾಪಸ್ಸು ಬರುತ್ತದೆ. ಮಳೆಯಿಲ್ಲದ ನಾಡು ಏನನ್ನೂ ಬೇಗ ಮರೆಯುವುದಿಲ್ಲ.

ಗೂಡುಗಳ ಮುಂದಿನ ರಸ್ತೆ ಕಡಿದು, ಕಲ್ಲು-ಗುಂಡಿಯದು. ನೆಲದಿಂದ ಎತ್ತರವಿರುವ ವಾಹನವೇ ಬೇಕು, ಸೆಡಾನ್ ಒಯ್ದು ಗೋಳಾಡಬೇಡಿ. ಮೇಲೆ ಬೆರಳೆಣಿಕೆಯ ಜಾಗಗಳು, ಶುಲ್ಕವಿಲ್ಲ, ನೀರೂ ಇಲ್ಲ. ನಮ್ಮ ಟೆಂಟಿನ ಬಾಗಿಲು ಪೂರ್ವಕ್ಕಿತ್ತು. ಬೆಟ್ಟ ಅಲ್ಲೇ ಮುರಿದು ಬಿದ್ದಂತೆ ಕೆಳಗಿಳಿದು, ಎಂಟು ಸಾವಿರ ಅಡಿ ಆಳದಲ್ಲಿ ಉಪ್ಪಿನ ಬಯಲು ಬಿಳಿಚಿಕೊಂಡಿತ್ತು. ಮೈಮೇಲೆ ಸ್ವೆಟರು, ಟೋಪಿ, ಮೇಲೊಂದು ಕಂಬಳಿ; ಕಣ್ಣೆದುರಿಗೆ ಬೆಳಿಗ್ಗೆ ನಾವೇ ಬೆವರಿದ್ದ ಬಾಣಲೆ! ಕಣ್ಣಿಗೂ ಚರ್ಮಕ್ಕೂ ಇಂಥ ಜಗಳ ನಾನು ಬೇರೆಲ್ಲೂ ಕಂಡಿಲ್ಲ. ಕತ್ತಲಾದ ಮೇಲೆ ಪೂರ್ವದ ಅಂಚಿನಲ್ಲಿ ಲಾಸ್ ವೇಗಸ್ಸಿನ ಬೆಳಕಿನ ಕಲೆ ಮಸುಕಾಗಿ ಎದ್ದಿತು. ಅದೊಂದನ್ನು ಬಿಟ್ಟರೆ ಮನುಷ್ಯನ ಸುಳಿವಿಲ್ಲ.

ಇಲ್ಲಿಂದ ಟೆಲಿಸ್ಕೋಪ್ ಪೀಕಿಗೆ ಏಳು ಮೈಲಿ ನಡೆ. 11,049 ಅಡಿಯ ಆ ನೆತ್ತಿಯಲ್ಲಿ ನಿಂತರೆ ಒಂದು ಕಡೆ ಬ್ಯಾಡ್‌ವಾಟರ್, ಇನ್ನೊಂದು ಕಡೆ ವಿಟ್ನಿ. ಅತಿ ತಗ್ಗು, ಅತಿ ಎತ್ತರ ಎರಡನ್ನೂ ಕತ್ತು ತಿರುಗಿಸಿ ನೋಡಿಬಿಡಬಹುದು.

ಕೊನೆಯದು, ನನ್ನ ಪಾಲಿಗೆ ಎಲ್ಲಕ್ಕಿಂತ ಮಿಗಿಲಾದದ್ದು, ವೈಟ್ ಮೌಂಟನ್ಸ್‌ನ ಗ್ರ್ಯಾಂಡ್‌ವ್ಯೂ. ಬಿಗ್ ಪೈನ್ ಊರಿನಿಂದ ಪೂರ್ವಕ್ಕೆ ತಿರುಗುವ ದಾರಿ ಒಂದೆಡೆ ಬಂಡೆಗಳ ನಡುವೆ ಒಂದೇ ಕಾರು ಹಿಡಿಸುವಷ್ಟು ಕಿರಿದಾಗುತ್ತದೆ. ಕ್ಯಾಂಪು ಎಂಟೂವರೆ ಸಾವಿರ ಅಡಿಯಲ್ಲಿ, ಪಿನ್ಯನ್ ಮತ್ತು ಜುನಿಪರ್ ಮರಗಳ ನಡುವೆ. ದೂರದರ್ಶಕ ಹೊತ್ತು ತರುವ ಹವ್ಯಾಸಿ ಖಗೋಳಪ್ರಿಯರು ಹೆಚ್ಚು; ಟಾರ್ಚಿಗೆ ಕೆಂಪು ಕಾಗದ ಕಟ್ಟಿಕೊಂಡು ಪಿಸುದನಿಯಲ್ಲಿ ಮಾತಾಡುವ ಜನ, ಹಾಡು-ಕುಣಿತದವರು ದಯವಿಟ್ಟು ಬೇರೆಡೆಗೆ. ಅಲ್ಲಿ ನಮ್ಮ ಕುಕ್ಕರು ಕೂಗಿತು! ಇಷ್ಟು ಎತ್ತರದಲ್ಲಿ ನೀರು 91 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಬೇಳೆ ಎಷ್ಟು ಬೇಯಿಸಿದರೂ ಕಾಳುಕಾಳು. ಕುಕ್ಕರಿನೊಳಗಿನ ಒತ್ತಡ ಆ ಕೊರತೆ ತುಂಬುತ್ತದೆ. ಪಕ್ಕದ ಬಿಡಾರದ ಅಜ್ಜ ಸೀಟಿಗೆ ಬೆಚ್ಚಿ ಎದ್ದು ಬಂದವನು, ಸಾರು-ಅನ್ನ ಉಂಡು, ಪ್ರತಿಯಾಗಿ ತನ್ನ ದೂರದರ್ಶಕದಲ್ಲಿ ಆ್ಯಂಡ್ರೊಮಿಡ ಗ್ಯಾಲಕ್ಸಿ ತೋರಿಸಿದ. ಆಮೇಲೆ ಅದನ್ನು ಬರಿಗಣ್ಣಿನಿಂದಲೇ ಹುಡುಕುವುದು ಕಲಿಸಿದ. ಸುಮಾರು 25 ಲಕ್ಷ ಬೆಳಕಿನ ವರ್ಷಗಳಾಚೆಯ ಒಂದು ಮಂಜಿನ ಚುಕ್ಕೆ. ಬೆಳಕು ಹರಿಯುವ ಮುನ್ನ ಪೂರ್ವದಲ್ಲಿ ಗೋಪುರಾಕಾರದ ಮಂಕು ಕಾಂತಿ ಎದ್ದಾಗ ಊರಿನ ಬೆಳಕು ಅಂದುಕೊಂಡೆ. ಗ್ರಹಗಳ ನಡುವಿನ ದೂಳಿನ ಮೇಲೆ ಬಿದ್ದ ಬಿಸಿಲು ಅದು ಎಂದು ಅಜ್ಜ ಹೇಳಿದ.

ಬೆಳಿಗ್ಗೆ ಇನ್ನೂ ಮೇಲೆ, ಹತ್ತು ಸಾವಿರ ಅಡಿಯ ಶುಲ್ಮನ್ ತೋಪಿಗೆ. ಬ್ರಿಸಲ್‌ಕೋನ್ ಪೈನ್ ಮರಗಳು ಇಲ್ಲಿವೆ. 1957ರಲ್ಲಿ ಎಡ್ಮಂಡ್ ಶುಲ್ಮನ್ ಎಂಬ ವಿಜ್ಞಾನಿ ಇವುಗಳಲ್ಲಿ ಒಂದರ ಉಂಗುರಗಳನ್ನು ಎಣಿಸಿ ಬೆರಗಾದ. ಮೆಥುಸೆಲಾ ಎಂದು ಹೆಸರಾದ ಆ ಮರಕ್ಕೆ ಈಗ 4,800 ವರ್ಷಕ್ಕೂ ಮಿಕ್ಕಿದ ವಯಸ್ಸು. ಹರಪ್ಪ-ಮೊಹೆಂಜೊದಾರೊಗಳು ತುಂಬು ನಗರಗಳಾಗುವ ಮೊದಲೇ ಮೊಳೆತದ್ದು. ಅದು ಯಾವ ಮರ ಎಂಬುದನ್ನು ಅರಣ್ಯ ಇಲಾಖೆ ಗುಟ್ಟಾಗಿಟ್ಟಿದೆ, ಸರಿಯಾಗಿಯೇ ಮಾಡಿದೆ. ಹೀಗಾಗಿ ನಡೆಹಾದಿಯಲ್ಲಿ ಎದುರಾದ ಪ್ರತಿ ಮುದಿಮರಕ್ಕೂ ಮನಸ್ಸಿನಲ್ಲೇ ಕೈಮುಗಿಯಬೇಕಾಗುತ್ತದೆ.

ನಾನು ಒಂದರ ಬಳಿ ಬಹಳ ಹೊತ್ತು ನಿಂತೆ. ಮುಕ್ಕಾಲು ಪಾಲು ಸತ್ತಿದೆ. ತೊಗಟೆ ಹೋಗಿ, ಗಾಳಿ-ಹಿಮ ಉಜ್ಜಿ, ಕಾಂಡ ದಂತದಂತೆ ನುಣುಪಾಗಿ ಹೊಳೆಯುತ್ತದೆ. ಹಿಂಬದಿಯಲ್ಲಿ ಅಂಗೈಯಗಲದ ಒಂದೇ ಒಂದು ತೊಗಟೆಯ ಪಟ್ಟಿ ಬೇರಿನಿಂದ ಮೇಲೇರಿ ಒಂದು ಕೊಂಬೆಗೆ ಮಾತ್ರ ನೀರು ಮುಟ್ಟಿಸುತ್ತಿದೆ. ಆ ಕೊಂಬೆಯಲ್ಲಿ ಹಸಿರು ಸೂಜಿಗಳು, ತುದಿಯಲ್ಲಿ ಅಂಟು ಸುರಿಸುವ ನೇರಳೆ ಕಾಯಿ. ಕೆಳಗಿನ ನೆಲ ಡಾಲಮೈಟಿನ ಬಿಳಿಪುಡಿ, ಬೇರೆ ಗಿಡಗಳಿಗೆ ಒಗ್ಗದಷ್ಟು ಬಡನೆಲ. ಆ ಬಡತನವೇ ಇವಕ್ಕೆ ಕಾವಲು: ಸುತ್ತ ಹುಲ್ಲು-ಪೊದೆ ಕಡಿಮೆಯಾದ್ದರಿಂದ ಬೆಂಕಿ ಮರದಿಂದ ಮರಕ್ಕೆ ದಾಟದು, ಬೆಳವಣಿಗೆ ನಿಧಾನವಾದ್ದರಿಂದ ಮರ ಇಟ್ಟೊತ್ತಾಗಿ, ಅಂಟು ತುಂಬಿ, ಹುಳಕ್ಕೂ ಕೊಳೆತಕ್ಕೂ ಜಗ್ಗದು. ಹೆಚ್ಚು ನೀರು, ಒಳ್ಳೆಯ ಮಣ್ಣು ಸಿಕ್ಕ ಬ್ರಿಸಲ್‌ಕೋನ್‌ಗಳು ಬೇಗ ದಪ್ಪಗಾಗಿ ಬೇಗ ಸಾಯುತ್ತವೆ.

ಹೊರಡುವವರಿಗೆ ಎರಡು ಮಾತು. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ಹೋದರೆ ಮೂರೂ ಬಿಡಾರ ಒಂದೇ ಸುತ್ತಿನಲ್ಲಿ ಸಿಗುತ್ತವೆ. ತಡಮಾಡಿದರೆ ಮೇಲಿನ ಎರಡೂ ಹಿಮಕ್ಕೆ ಸಿಕ್ಕಿಬಿಡಬಹುದು. ವಿಟ್ನಿಯ ಬುಡದ ಕ್ಯಾಂಪುಗಳತ್ತ ಹೋಗುವುದಾದರೆ ಊಟ, ಸೋಪು, ಟೂತ್‌ಪೇಸ್ಟ್ ಎಲ್ಲವನ್ನೂ ಅಲ್ಲಿನ ಉಕ್ಕಿನ ಕರಡಿಪೆಟ್ಟಿಗೆಗೆ ಹಾಕಿ, ಕಾರಿನಲ್ಲಿ ಬಿಟ್ಟರೆ ಕರಡಿ ಬಾಗಿಲು ಕೀಳುತ್ತದೆ. ಪೆಟ್ರೋಲು, ನೀರು ಎರಡನ್ನೂ ಲೋನ್ ಪೈನ್ ಅಥವಾ ಬಿಗ್ ಪೈನಿನಲ್ಲೇ ತುಂಬಿಸಿಕೊಳ್ಳಿ. ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಕುಡಿಯಲಿಕ್ಕೇ ಬೇಕು, ಪಾತ್ರೆ ತೊಳೆಯುವುದು ಬೇರೆ. ಮೇಲೆ ಒಂದು ಹನಿಯೂ ಸಿಗುವುದಿಲ್ಲ.