ಬಟ್ಟೆ ಗೋಡೆಯ ಯಜಮಾನ

ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಮಡಚುವ ಮನೆಯೊಂದನ್ನು, ಅಂದರೆ ಪಾಪ್-ಅಪ್ ಕ್ಯಾಂಪರ್ ಕೊಳ್ಳೋಣ ಎಂದು ಮನೆಯಲ್ಲಿ ವಾದ ಹೂಡಿದಾಗ ನಾನು ಕೊಟ್ಟ ಕಾರಣಗಳು ಒಂದಕ್ಕಿಂತ ಒಂದು ಘನವಾಗಿದ್ದವು. ಮಕ್ಕಳು ಫೋನು ಬಿಟ್ಟು ಮರ ನೋಡಲಿ, ನಾವೂ ಕಮ್ಮಿ ಸಾಮಾನಿನಲ್ಲಿ ಇರುವುದನ್ನು ರೂಢಿ ಮಾಡಿಕೊಳ್ಳೋಣ, ಹೋಟೆಲಿನ ದುಡ್ಡು ಉಳಿಯಲಿ. ಮೊದಲ ಬೇಸಿಗೆ ಮುಗಿಯುತ್ತ ಬಂದಿರುವ ಈಗ ಅವನ್ನು ಒಂದೊಂದಾಗಿ ತಟ್ಟಿ ನೋಡಿದರೆ ಎಲ್ಲವೂ ಟೊಳ್ಳು. ದುಡ್ಡಿನ ಮಾತು ಮೊದಲೇ ಬಿದ್ದುಹೋಯಿತು. ಹಿಚ್, ಬ್ರೇಕ್ ಕಂಟ್ರೋಲರ್, ವಿಮೆ, ನೋಂದಣಿ, ಅದರ ಮೇಲೆ ನಿಲುಗಡೆಯ ಬಾಡಿಗೆ. ನಮ್ಮ ಬಡಾವಣೆಯ ಸಂಘ ಟ್ರೇಲರನ್ನು ಮನೆ ಮುಂದೆ ಇಟ್ಟುಕೊಳ್ಳಲು ಬಿಡುವುದಿಲ್ಲ. ಕಮ್ಮಿ ಸಾಮಾನಿನ ಮಾತನ್ನು ಎತ್ತದಿರುವುದೇ ಲೇಸು: ಕ್ಯಾಂಪರಿಗೆಂದೇ ಬೇರೆ ಕುಕ್ಕರ್, ಬೇರೆ ಸಾಸಿವೆ ಡಬ್ಬಿ, ಬೇರೆ ಚಾಪೆ ಬಂದು ಕೂತಿವೆ.

ಹಾಗಾದರೆ ನನಗೆ ಬೇಕಿದ್ದದ್ದೇನು?

ನಾವಿರುವುದು ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಪಕ್ಕದ ನೊವಾಯ್‌ನಲ್ಲಿ. ಮಡಚುವ ಮನೆಗಳಿಗೆ ಈ ಸೀಮೆ ಹೊಸದಲ್ಲ. ಒಂದು ಕಾಲಕ್ಕೆ ಮನೆಮಾತಾಗಿದ್ದ ಅಪಾಚೆ ಕ್ಯಾಂಪರುಗಳು ತಯಾರಾಗುತ್ತಿದ್ದದ್ದು ನಮಗೆ ಹತ್ತಿರದ ಲಪೀರ್ ಊರಿನಲ್ಲಿ. ದಕ್ಷಿಣಕ್ಕೆ ಗಡಿ ದಾಟಿದರೆ ಇಂಡಿಯಾನಾದ ಮಿಡಲ್‌ಬರಿ. ಅಲ್ಲಿ 1968ರಲ್ಲಿ ಲಾಯ್ಡ್ ಬಾಂಟ್ರೇಗರ್ ಎಂಬಾತ ತನ್ನ ಹೊಲಮನೆಯ ಕೊಟ್ಟಿಗೆ, ಕೋಳಿಮನೆಗಳಲ್ಲೇ ಜೇಕೋ ಕಂಪನಿ ಶುರುಮಾಡಿದ. ಛಾವಣಿ ಎತ್ತಲು ಅವನೇ ಹೊಂದಿಸಿದ ಯಂತ್ರವೇ ಅವನ ಬಂಡವಾಳ. ಒಂದು ಹಿಡಿಕೆ ತಿರುಗಿಸಿದರೆ ನಾಲ್ಕು ಮೂಲೆಯೂ ಒಟ್ಟಿಗೆ ಮೇಲೇಳಬೇಕು ಎನ್ನುವ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನನ್ನ ರೋಗವೂ ಅದೇ.

ಕ್ಯಾಂಪ್‌ಗ್ರೌಂಡ್ ತಲುಪಿದ ಮೇಲಿನ ಮೊದಲ ಮುಕ್ಕಾಲು ಗಂಟೆಯಲ್ಲಿ ನನಗಿರುವ ಸುಖ ಮಿಕ್ಕ ಎರಡು ದಿನದಲ್ಲಿ ಇರುವುದಿಲ್ಲ. ಅದಕ್ಕೊಂದು ಕ್ರಮವಿದೆ. ಮೊದಲು ರಸಮಟ್ಟ ಇಟ್ಟು ಅಡ್ಡಕ್ಕೆ ನೋಡಿ, ತಗ್ಗಿರುವ ಕಡೆಯ ಚಕ್ರವನ್ನು ಹಲಗೆಯ ಮೇಲೆ ಹತ್ತಿಸಬೇಕು. ಚಕ್ರಕ್ಕೆ ಅಡೆ ಕೊಟ್ಟ ಮೇಲಷ್ಟೇ ಕಾರಿನಿಂದ ಕೊಂಡಿ ಬಿಚ್ಚುವುದು. ಆಮೇಲೆ ಮುಂದಿನ ಜ್ಯಾಕ್ ತಿರುಗಿಸಿ ಉದ್ದಕ್ಕೆ ಮಟ್ಟ ಮಾಡುವುದು. ನಾಲ್ಕು ಮೂಲೆಯ ಸ್ಟೆಬಿಲೈಸರ್ ಇಳಿಸುವುದು. ಅವು ಅಲುಗಾಟ ತಡೆಯಲಿಕ್ಕೆ, ಗಾಡಿ ಎತ್ತಲಿಕ್ಕಲ್ಲ. ಆಮೇಲೆ ಹಿಡಿಕೆ. ಟಕಟಕ ಎನ್ನುತ್ತ ಛಾವಣಿ ಏಳುವಾಗ, ಒಳಗೆ ಮಡಚಿಕೊಂಡಿದ್ದ ಕ್ಯಾನ್ವಾಸ್ ನಿಧಾನವಾಗಿ ಸುಕ್ಕು ಬಿಟ್ಟು ಗೋಡೆಯಾಗುತ್ತದೆ. ಎರಡು ತುದಿಯ ಹಾಸಿಗೆಗಳನ್ನು ಡ್ರಾಯರಿನ ಹಾಗೆ ಹೊರಕ್ಕೆ ಎಳೆದು ಕೆಳಗೆ ಕಂಬಿ ಕೊಡಬೇಕು, ಇಲಾಸ್ಟಿಕ್ ಹಗ್ಗಗಳನ್ನು ಮಂಚದಡಿ ಕೊಕ್ಕೆಗೆ ಸಿಕ್ಕಿಸಬೇಕು. ಕೊನೆಗೆ ಬಾಗಿಲು. ಅದು ಇಷ್ಟು ಹೊತ್ತೂ ಸೂರಿಗೆ ಅಂಟಿಕೊಂಡು ಮಲಗಿರುತ್ತದೆ. ಚಿಲಕ ತೆಗೆದು ಇಳಿಸಿ ನಿಲ್ಲಿಸಿ, ಸುತ್ತ ವೆಲ್ಕ್ರೋ ಒತ್ತಿದರೆ ಮನೆಯಾಯಿತು.

ಇದನ್ನೆಲ್ಲ ಬೇರೆಯವರು ಕೈಹಾಕದ ಹಾಗೆ ನಾನೊಬ್ಬನೇ ಮಾಡುತ್ತೇನೆ. ಅಕ್ಕಿ ಚೀಲ ಎಲ್ಲಿಡಬೇಕೆಂಬುದೂ ನನ್ನದೇ ತೀರ್ಮಾನ. ಟ್ರೇಲರಿನ ತೂಕದ ಶೇ. 10ರಿಂದ 15ರಷ್ಟು ಕೊಂಡಿಯ ಮೇಲೆ ಕೂರಬೇಕು, ಅದಕ್ಕಿಂತ ಕಮ್ಮಿಯಾದರೆ ಹೆದ್ದಾರಿಯಲ್ಲಿ ಹಿಂಭಾಗ ಓಲಾಡತೊಡಗುತ್ತದೆ ಎಂದು ವಿವರಿಸಿ ಹೇಳುತ್ತೇನೆ. ಹತ್ತು ಕೇಜಿ ಅಕ್ಕಿಯಿಂದ ಅಂಥ ವ್ಯತ್ಯಾಸವೇನೂ ಆಗುವುದಿಲ್ಲ ಎಂದು ನನಗೂ ಗೊತ್ತು.

ನಾವು ವಾಸವಿರುವ ಮನೆಯ ವಿಷಯದಲ್ಲಿ ನನಗೆ ಈ ದರ್ಪವಿಲ್ಲ. ಅದನ್ನು ಕಟ್ಟಿ ಮುಗಿಸಿದ ಮೇಲೆ ಕೊಂಡೆವು. ಒಂದು ಕಂತೆ ಕಾಗದಕ್ಕೆ ರುಜು ಹಾಕಿ ಬೀಗದ ಕೈ ಇಸಕೊಂಡೆವು. ಗೋಡೆಯೊಳಗೆ ಯಾವ ಪೈಪು ಎಲ್ಲಿ ಹೋಗಿದೆಯೋ ತಿಳಿಯದು. ಫರ್ನೇಸ್ ಕೆಟ್ಟರೆ ಯಾರೋ ಬಂದು ರಿಪೇರಿ ಮಾಡುತ್ತಾರೆ, ನಾನು ಕಾಫಿ ಬೇಕಾ ಎಂದು ಕೇಳುತ್ತ ಹಿಂದೆ ನಿಂತಿರುತ್ತೇನೆ. ಹಾಸನದಲ್ಲಿ ಅಪ್ಪ ಸಾಲ ಮಾಡಿ ಮನೆ ಕಟ್ಟಿಸುವಾಗ ದಿನಾ ಸಂಜೆ ಹೋಗಿ ಹೊಸ ಗೋಡೆಗೆ ನೀರು ಹೊಡೆಯುತ್ತಿದ್ದರು. ಮೇಸ್ತ್ರಿಯ ಕೈಯಿಂದ ರಸಮಟ್ಟ ಇಸಕೊಂಡು ಕಿಟಕಿಯ ಮೇಲೆ ತಾವೇ ಇಟ್ಟು ನೋಡುತ್ತಿದ್ದರು. ಮೇಸ್ತ್ರಿಗೆ ಅದರಿಂದ ಸಿಟ್ಟು. ನಾನು ಅಪ್ಪನ ಆಗಿನ ವಯಸ್ಸು ದಾಟಿ, ಅವರಿಗಿಂತ ಎಷ್ಟೋ ಪಾಲು ಹೆಚ್ಚು ಸಂಪಾದಿಸಿ, ಯಾವ ಗೋಡೆಗೂ ನೀರು ಹೊಡೆಯದೆ ಗೃಹಸ್ಥನಾದವನು. ಆ ಕೊರತೆಯನ್ನು ತುಂಬಿಕೊಳ್ಳಲು ನಾನು ಕಾಡಿನ ಹೆಸರು ಹೇಳಿದೆ.

ಕಾಡು ನೆಪ ಎನ್ನುವುದಕ್ಕೆ ಸಾಕ್ಷಿ ಬೇಕಾದರೆ ಲಡಿಂಗ್ಟನ್ ಸ್ಟೇಟ್ ಪಾರ್ಕ್ ಇದೆ. ಅಲ್ಲಿ ಜಾಗ ಸಿಗಬೇಕಾದರೆ ಆರು ತಿಂಗಳ ಮುಂಚೆ, ಬುಕಿಂಗ್ ತೆರೆಯುವ ಹೊತ್ತಿಗೇ ಕಾದು ಕೂರಬೇಕು, ಕೂತೆ. ಒಂದು ಕಡೆ ಮಿಷಿಗನ್ ಸರೋವರ, ಇನ್ನೊಂದು ಕಡೆ ಹ್ಯಾಮ್ಲಿನ್ ಕೆರೆ, ನಡುವೆ ಮರಳುದಿಬ್ಬ. ದಂಡೆಯ ಗುಂಟ ಎರಡು ಮೈಲಿಯ ಹತ್ತಿರ ನಡೆದರೆ ಬಿಗ್ ಸೇಬಲ್ ದೀಪಸ್ತಂಭ, 1867ರದ್ದು, 112 ಅಡಿ ಎತ್ತರ, ಕಪ್ಪು ಬಿಳಿ ಪಟ್ಟೆಯದು. ಹೆಂಡತಿ ಮಕ್ಕಳು ನಡೆದು ಹೋಗಿ ಹತ್ತಿ ಇಳಿದು ಬಂದರು. ನಾನು ನೆರಳುಗೂಡಾರದ ಕಂಬಿ ಸರಿ ಕೂತಿಲ್ಲವೆಂದು ಉಳಿದುಕೊಂಡೆ. ಅದು ಸರಿಯಾಗಿಯೇ ಕೂತಿತ್ತು.

ಇದಕ್ಕಿಂತ ಇರುಸುಮುರುಸಿನ ಸಂಗತಿ ಬೇರೊಂದಿದೆ. ಬಟ್ಟೆಯ ಗೋಡೆ ಮಳೆ ತಡೆಯುತ್ತದೆ, ಮಾತು ತಡೆಯುವುದಿಲ್ಲ. ಪಾರ್ಕಿನಲ್ಲಿ ರಾತ್ರಿ 10ರಿಂದ ಬೆಳಗ್ಗೆ 8ರವರೆಗೆ ಸದ್ದು ಮಾಡುವಂತಿಲ್ಲ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಒಂಬತ್ತೂವರೆ ಸುಮಾರಿಗೆ, ಹಾಗಾಗಿ ಕತ್ತಲಾಗುತ್ತಲೇ ಎಲ್ಲರೂ ದನಿ ಇಳಿಸುತ್ತಾರೆ. ನಾನು ಹಗಲೇ ಇಳಿಸುತ್ತೇನೆ ಎನ್ನುವುದನ್ನು ಮಗಳು ಗಮನಿಸಿದ್ದಳು. ‘ಇಂಗ್ಲಿಷಲ್ಲಿ ಜೋರಾಗಿ ಮಾತಾಡ್ತೀಯ, ಕನ್ನಡಕ್ಕೆ ಬಂದರೆ ಪಿಸುಗುಡ್ತೀಯ’ ಅಂದಳು. ಮನೆಯಲ್ಲಿ ಮಕ್ಕಳು ಕನ್ನಡ ಬಿಡಬಾರದೆಂದು ಭಾಷಣ ಬಿಗಿಯುವವನು ನಾನೇ. ಅಷ್ಟೇ ಅಲ್ಲ, ಹೊರಗಡೆ ಒಲೆಯಲ್ಲಿ ಇಂಗಿನ ಒಗ್ಗರಣೆ ಹಾಕುವಾಗ ಗಾಳಿ ಯಾವ ಕಡೆಗಿದೆ ಎಂದು ನೋಡಿಕೊಳ್ಳುತ್ತಿದ್ದೆ. ಪಕ್ಕದ ಕ್ಯಾಂಪಿನವರು ಬೇಕನ್ ಹುರಿಯುವಾಗ ಗಾಳಿ ನೋಡಿದ್ದನ್ನು ಕಾಣೆ. ಯಾರೂ ನನಗೆ ಏನೂ ಅಂದಿಲ್ಲ, ಹುಬ್ಬು ಕೂಡ ಏರಿಸಿಲ್ಲ. ಇಷ್ಟು ವರ್ಷ ಇಟ್ಟಿಗೆ, ಡ್ರೈವಾಲ್‌ಗಳ ಹಿಂದೆ ನನ್ನ ಅಂಜಿಕೆ ಕಾಣುತ್ತಿರಲಿಲ್ಲ, ಅಷ್ಟೆ.

ಒಂದು ಸಲ ಮಳೆಯಲ್ಲೇ ಮಡಚಿಕೊಂಡು ವಾಪಸಾದೆವು. ಒದ್ದೆ ಕ್ಯಾನ್ವಾಸನ್ನು ಹಾಗೇ ಬಿಟ್ಟರೆ ಒಂದೆರಡು ದಿನದಲ್ಲೇ ಬೂಷ್ಟು ಹಿಡಿಯುತ್ತದೆ. ಸಂಘದ ನಿಯಮ ಪಕ್ಕಕ್ಕಿಟ್ಟು ಮನೆ ಮುಂದೆಯೇ ಬಿಡಿಸಿ ಒಣಗಲು ಇಟ್ಟೆ. ಅವತ್ತು ಮಧ್ಯಾಹ್ನ, ನಾಲ್ಕು ಬೆಡ್‌ರೂಮಿನ ನನ್ನದೇ ಮನೆಯ ಎದುರು, ಕ್ಯಾಂಪರಿನ ಪುಟ್ಟ ಮೇಜಿಗೆ ಕೂತು ಕಾಫಿ ಕುಡಿದೆ. ಮರವಿಲ್ಲ, ಸರೋವರವಿಲ್ಲ, ಎದುರಿಗೆ ಗ್ಯಾರೇಜ್ ಬಾಗಿಲು. ಲಡಿಂಗ್ಟನ್‌ನಲ್ಲಿ ಎಷ್ಟು ಸಂತೋಷವಾಗಿತ್ತೋ ಅಲ್ಲೂ ಅಷ್ಟೇ ಆಯಿತು.

ಹೆಂಡತಿಗೆ ಇದನ್ನೆಲ್ಲ ಒಂದು ಸಂಶೋಧನೆ ಎಂಬಂತೆ ಹೇಳಿದೆ. ಅವಳಿಗೆ ಅದು ಹೊಸದಾಗಿರಲಿಲ್ಲ. ‘ನಿಮಗೆ ಕ್ಯಾಂಪಿಂಗು, ನನಗೆ ಸಣ್ಣ ಅಡುಗೆಮನೆ’ ಎಂದು ಮೊದಲ ಸಲವೇ ಅಂದಿದ್ದಳಂತೆ. ನಾನು ನಾಲ್ಕು ಜನ ನೋಡುವ ಹಾಗೆ ಹೊರಗೆ ಹಿಡಿಕೆ ತಿರುಗಿಸುತ್ತಿರುವಾಗ, ಅವಳು ಒಳಗೆ ಬಗ್ಗಿ ಅದೇ ಅನ್ನ ಸಾರನ್ನು ಅರ್ಧ ಜಾಗದಲ್ಲಿ ಮಾಡುತ್ತಿದ್ದಳು.

ಸೆಪ್ಟೆಂಬರ್ ಕೊನೆಗೆ ಇನ್ನೊಂದು ಬುಕಿಂಗ್ ಇದೆ. ಈ ಸಲ ಕೊಂಡಿ ಬಿಚ್ಚುವುದರಿಂದ ಬಾಗಿಲು ಕೂರಿಸುವವರೆಗೆ ಅವಳೇ ಮಾಡುತ್ತಾಳೆ, ಒಲೆ ನನ್ನ ಪಾಲಿಗೆ. ಒಪ್ಪಿಕೊಂಡೆ. ಒಪ್ಪಿಕೊಂಡ ಮಾರನೆಯ ದಿನವೇ ಮೇಲಿನ ಕ್ರಮವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಲ್ಯಾಮಿನೇಟ್ ಮಾಡಿಸಿ ಅವಳ ಕೈಗೆ ಕೊಟ್ಟೆ. ಅವಳು ಓದಿ ವಾಪಸು ಕೊಟ್ಟು, ಸಾರಿಂದೂ ಇದೇ ಥರ ಒಂದು ಬರೆದುಕೊಡಲಾ ಎಂದು ಕೇಳಿದಳು.